ತಾಮ್ರದ ಪಾತ್ರೆಯ ಮೇಲಿನ ಬೊಟ್ಟು

ಮೊನ್ನೆ ಅಕ್ಕನ ಮಗಳ ನಿಶ್ಚಿತಾರ್ಥದ ಮನೆಯಲ್ಲಿ ಯಾರೋ ನೇಲ್ ಪಾಲಿಶ್ ಬಾಟಲಿಯ ಮುಚ್ಚಳ ತೆಗೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪೀಣ್ಯದ ಶೆಡ್ಡು, ಅದರ ತಗಡಿನ ಮೇಲೆ ಬೀಳುತ್ತಿದ್ದ ದಸರೆಯ ಮಳೆ, ಲೇತ್ ಮೇಲೆ ಹಾಲು ಸುಟ್ಟ ವಾಸನೆ ಎಲ್ಲ ಒಟ್ಟಿಗೆ ಬಂದು ನಿಂತವು. ಹುಡುಗಿ ನನ್ನ ಕೈ ಎಳೆದುಕೊಂಡು, ನಿಮಗೂ ಹಚ್ತೀನಿ ಚಿಕ್ಕಮ್ಮ ಅಂದಳು. ಬೆರಳು ನೋಡಿ ನಕ್ಕುಬಿಟ್ಟಳು. ನನ್ನದು ಮೆಕ್ಯಾನಿಕ್ ಕೈ. ಬಲಗೈಯ ಉಂಗುರ ಬೆರಳಿನ ತುದಿಯಲ್ಲಿ ಸೋಲ್ಡರಿಂಗ್ ಐರನ್ ಸುಟ್ಟ ಅಡ್ಡಗೆರೆ ಬೇರೆ ಇದೆ. ಉಗುರಿಗೆ ಬಣ್ಣ ಹಚ್ಚಿಕೊಂಡವಳು ನಾನಲ್ಲ. ಆದರೆ ಒಂದು ವರ್ಷ ನಾನು ಕೊಂಡಷ್ಟು ನೇಲ್ ಪಾಲಿಶನ್ನು ಇಡೀ ರಾಜಗೋಪಾಲನಗರದಲ್ಲಿ ಇನ್ಯಾರೂ ಕೊಂಡಿರಲಾರರು.

ಫ್ಯಾನ್ಸಿ ಸ್ಟೋರಿನ ಆಂಟಿಯ ಹತ್ತಿರ ಹನ್ನೆರಡು ಬಾಟಲಿ ಕೇಳಿದ್ದೆ, ಬಣ್ಣವಿಲ್ಲದ್ದು. ಆಂಟಿ ಕಣ್ಣರಳಿಸಿ, ಮದುವೆ ಗೊತ್ತಾಯಿತೇನಮ್ಮ, ಹೇಳಲೇ ಇಲ್ಲ ಎಂದು ಆಕ್ಷೇಪಿಸಿದರು. ಕಂಪ್ಯೂಟರಿಗೆ ಹಚ್ಚೋಕೆ ಆಂಟಿ ಎಂದೆ. ಅವರು ಚಿಲ್ಲರೆ ಕೊಡುವಾಗ ನನ್ನನ್ನು ನೋಡಿದ ರೀತಿಯಲ್ಲಿ, ಪಾಪ, ಓದಿದ ಹುಡುಗಿ ಅನ್ನುವ ಮರುಕವಿತ್ತು.

ನಿಜವನ್ನೇ ಹೇಳಿದ್ದೆ. ಕಂಪ್ಯೂಟರಿನ ಪ್ರೊಸೆಸರನ್ನು ಕಂಪನಿಯವರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಹೆಚ್ಚು ಓಡಿಸಿದರೆ ಅದು ಕಾಯುತ್ತದೆ. ತೀರಾ ಹೆಚ್ಚು ಓಡಿಸಬೇಕಾದರೆ ಅದರ ತಲೆಯ ಮೇಲೆ ತಾಮ್ರದ ಪಾತ್ರೆ ಕೂರಿಸಿ, ಅದರೊಳಕ್ಕೆ ದ್ರವ ನೈಟ್ರೋಜನ್ ಸುರಿಯಬೇಕು. ಮೈನಸ್ ನೂರ ತೊಂಬತ್ತಾರು ಡಿಗ್ರಿ. ಆ ಚಳಿಗೆ ಸುತ್ತಲಿನ ಗಾಳಿಯಲ್ಲಿರುವ ನೀರೆಲ್ಲ ಬೋರ್ಡಿನ ಮೇಲೆ ಬಂದು ಕೂರುತ್ತದೆ. ಕರೆಂಟು ಹರಿಯುವ ಕಡೆ ನೀರು ಕೂತರೆ ಮುಗಿಯಿತು. ಆದ್ದರಿಂದ ಈ ಆಟದಲ್ಲಿ ಓಡಿಸುವುದು ಅರ್ಧ ಗಂಟೆ, ನೀರು ಒಳಗೆ ಬಾರದಂತೆ ಸಿದ್ಧಮಾಡುವುದು ಎರಡು ವಾರ. ಹಿಂದಿನ ವರ್ಷ ನಾನು ಆ ಎರಡು ವಾರವನ್ನು ಎರಡು ದಿನ ಮಾಡಿಕೊಂಡು, ಎರವಲು ತಂದ ಪಾತ್ರೆ ಹೊತ್ತು ವೈಟ್‌ಫೀಲ್ಡಿನ ಸ್ಪರ್ಧೆಗೆ ಹೋಗಿದ್ದೆ. ಹತ್ತೇ ನಿಮಿಷದಲ್ಲಿ ಬೋರ್ಡು ಹೊಗೆಯಾಡಿತು. ಮೈಕ್ ಹಿಡಿದಿದ್ದವನು "ರಿಪೇರಿ ಮೇಡಂಗೇ ರಿಪೇರಿ ಬಂತು" ಎಂದ. ಸಭೆ ನಕ್ಕಿತು. ನಾನೂ ನಕ್ಕೆ. ಕುಂದಲಹಳ್ಳಿ ಸ್ಟಾಪಿನವರೆಗೆ ನಡೆದು ಬಂದು, ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಪೀಣ್ಯದವರೆಗೂ ಅತ್ತೆ. ಬರುವ ವರ್ಷ ಅದೇ ವೇದಿಕೆ ಹತ್ತದೆ ಬಿಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ.

ಮರುವರ್ಷ ನಿಯಮ ಬದಲಾಗಿತ್ತು. ಮೊದಲು ಅವರವರ ಜಾಗದಲ್ಲೇ ಏಳು ಗಿಗಾಹರ್ಟ್ಸ್ ವೇಗ ದಾಟಿ, ಫೋಟೋ ಸಮೇತ ಕಳಿಸಬೇಕು. ದಾಟಿದವರಿಗೆ ಮಾತ್ರ ವೇದಿಕೆ. ಕೊನೆಯ ದಿನ ದಸರೆಯ ಮಾರನೆಯ ಭಾನುವಾರ, ಸಂಜೆ ಆರು. ನನ್ನ ಹತ್ತಿರ ಅಷ್ಟು ವೇಗ ತಡೆಯಬಹುದಾದ ಪ್ರೊಸೆಸರ್ ಒಂದೇ ಒಂದಿತ್ತು. ಅದು ಹೋದರೆ ಆ ವರ್ಷವೂ ಹೋದಂತೆಯೇ.

ನಾನು ಆಗ ಕೆಲಸಮಾಡುತ್ತಿದ್ದುದು ಪೀಣ್ಯದ ಆ ಶೆಡ್ಡಿನಲ್ಲಿದ್ದ ನಂಜುಂಡಪ್ಪನವರ ಮೆಷಿನ್ ಶಾಪಿನಲ್ಲಿ. ಒಂದು ಮೂಲೆಯ ಗಾಜಿನ ಕ್ಯಾಬಿನ್ ನನ್ನದು. ಸುತ್ತಲಿನ ಶೆಡ್ಡುಗಳ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್ನುಗಳ ಕೆಟ್ಟ ಬೋರ್ಡುಗಳು ಅಲ್ಲಿಗೆ ಬರುತ್ತಿದ್ದವು. ರಿಪೇರಿ ಎಂದರೆ ಮೊದಲಿದ್ದ ಹಾಗೆ ಮಾಡುವುದು. ಓವರ್‌ಕ್ಲಾಕಿಂಗ್ ಒಂದರಲ್ಲೇ ಮೊದಲು ಇಲ್ಲದ್ದನ್ನು ಮಾಡಬಹುದು ಅನ್ನುವ ಕಾರಣಕ್ಕೆ ಅದು ನನ್ನನ್ನು ಹಿಡಿದಿತ್ತು. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು. ಮೊದಲು ಅಳಿ, ಆಮೇಲೆ ಮಾತಾಡು ಅನ್ನುವುದು ನಮ್ಮ ಮನೆಯ ಸುಪ್ರಭಾತ. ಅವರ ಮಗಳಾಗಿ ನನಗೆ ನನ್ನ ಶುಚಿ, ನನ್ನ ಅಳತೆ ಎಂದರೆ ಸ್ವಲ್ಪ ಕೊಬ್ಬೇ ಇತ್ತು.

ಹಿಂದಿನ ವರ್ಷದ ಪಾತ್ರೆಯ ತಳ ಸಮ ಇರಲಿಲ್ಲ. ಈ ಸಲ ಪಾತ್ರೆಯನ್ನೂ ನಾವೇ ಮಾಡುವುದು ಎಂದು ಲೇತ್ ನಡೆಸುವ ಟರ್ನರ್ ಭೀಮಪ್ಪನವರ ಮುಂದೆ ತಾಮ್ರದ ಗಟ್ಟಿ ಇಟ್ಟೆ. ಬಾದಾಮಿ ಕಡೆಯ ಭೀಮಪ್ಪ ನಲವತ್ತು ದಾಟಿದವರು, ರಾಜಗೋಪಾಲನಗರದಲ್ಲಿ ಇನ್ನಿಬ್ಬರು ಊರವರ ಜೊತೆ ಒಂದು ರೂಮಿನಲ್ಲಿ ಇದ್ದರು. ಮಾತು ಕಡಿಮೆ. ಡ್ರಾಯಿಂಗ್ ನೋಡಿ, ಗಟ್ಟಿಯನ್ನು ಒಂದು ಸಲ ಸವರಿ, ಅರ್ಧ ಲೀಟರ್ ಹಾಲು ತರಿಸಿ ಅಂದರು. ಚಹಾಕ್ಕೆ ಇರಬೇಕು ಎಂದುಕೊಂಡು ಸಕ್ಕರೆಯನ್ನೂ ತರಿಸಿದೆ. ಅವರು ಹಾಲನ್ನು ಎಣ್ಣೆ ಕ್ಯಾನಿಗೆ ತುಂಬಿ, ಲೇತಿನಲ್ಲಿ ತಿರುಗುತ್ತಿದ್ದ ತಾಮ್ರದ ಮೇಲೆ ತೊಟ್ಟುತೊಟ್ಟಾಗಿ ಬಿಡತೊಡಗಿದರು.

"ತಾಮ್ರ ಅಂದ್ರ ಬೆಣ್ಣಿ ಇದ್ದಂಗ ಅಕ್ಕಾರ. ಟೂಲಿಗೆ ಅಂಟತೈತಿ. ಹಾಲು ಬಿಟ್ರ ಮಾತು ಕೇಳತೈತಿ."

ಮೂರು ದಿನ ಶೆಡ್ಡೆಲ್ಲ ಉಕ್ಕಿದ ಹಾಲಿನ ವಾಸನೆ. ನಂಜುಂಡಪ್ಪನವರು ಗೃಹಪ್ರವೇಶ ಯಾವಾಗ ಎಂದು ದಿನಾ ಕೇಳುತ್ತಿದ್ದರು. ಕೊನೆಗೆ ಭೀಮಪ್ಪ ತಳವನ್ನು ನುಣ್ಣನೆಯ ಎಮರಿ ಹಾಳೆಯ ಮೇಲೆ ಎರಡು ಗಂಟೆ ಉಜ್ಜಿದರು. ನಾನು ಅಪ್ಪನಿಂದ ಕಲಿತ ಹಾಗೆ ಸಮತಟ್ಟಾದ ಕಲ್ಲಿನ ಹಲಗೆಗೆ ನೀಲಿ ಬಣ್ಣ ಹಚ್ಚಿ, ಅದರ ಮೇಲೆ ತಳವನ್ನು ಒತ್ತಿ ನೋಡಿದೆ. ನೀಲಿ ಎಲ್ಲ ಕಡೆ ಒಂದೇ ಸಮ ಹತ್ತಿತ್ತು. ಚೆನ್ನಾಗಿದೆ ಎಂದೆ. ಅವರು ಹೂಂ ಎಂದು ಕೈ ಒರೆಸಿಕೊಂಡು ಬೇರೆ ಕೆಲಸಕ್ಕೆ ಹೋದರು.

ಇನ್ನು ಬೋರ್ಡಿನ ಸರದಿ. ಪ್ರೊಸೆಸರ್ ಕೂರುವ ಸಾಕೆಟ್ಟಿನ ಸುತ್ತ ಚಿಕ್ಕ ಬ್ರಶ್ಶಿನಲ್ಲಿ ನೇಲ್ ಪಾಲಿಶ್ ಬಳಿದೆ, ಒಣಗಿಸಿದೆ, ಮತ್ತೆ ಬಳಿದೆ. ಹೀಗೆ ಮುಂದೆ ಮೂರು ಸಲ, ಹಿಂದೆ ಮೂರು ಸಲ. ಮೆಮೊರಿ ಕೂರಿಸುವ ಸ್ಲಾಟಿನ ಒಳಗೆ ಮಾತ್ರ ಬಳಿಯುವ ಹಾಗಿಲ್ಲ, ಅಲ್ಲಿ ಲೋಹಕ್ಕೆ ಲೋಹ ತಾಗಬೇಕು. ಅದರ ಅಂಚಿಗೆ ಚಿತ್ರ ಬರೆಯುವವರ ಮೆತ್ತನೆಯ ರಬ್ಬರನ್ನು ಚಪಾತಿ ಹಿಟ್ಟಿನ ಹಾಗೆ ನಾದಿ, ಸಂದಿಲ್ಲದೆ ಒತ್ತಬೇಕು. ಅದರ ಮೇಲೆ ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮು. ಆ ವರ್ಷದ ದಸರೆಯಲ್ಲಿ ಮಳೆ ಬಿಡಲೇ ಇಲ್ಲ. ಗಾಳಿಯ ತೇವ ಅಳೆಯುವ ಮೀಟರನ್ನು ದಿನಕ್ಕೆ ಹತ್ತು ಸಲ ನೋಡಿ ಬೈಯುತ್ತಿದ್ದೆ. ಮೇಜಿನ ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಸೋಪಿನಲ್ಲಿ ಕೈ ತೊಳೆಯದೆ ಯಾರೂ ದಾಟಬಾರದು ಎಂದು ಚೀಟಿ ಅಂಟಿಸಿದ್ದೆ. ನಂಜುಂಡಪ್ಪನವರು ಅದನ್ನು ಲಕ್ಷ್ಮಣರೇಖೆ ಎಂದೇ ಕರೆದರು. ಭೀಮಪ್ಪ ಒಬ್ಬರೇ ನಗಲಿಲ್ಲ. ಪಾತ್ರೆ ಕೂರಿಸಿ ನೋಡಲು ಬರುವಾಗಲೆಲ್ಲ ಮೊಣಕೈವರೆಗೆ ತೊಳೆದು ಬರುತ್ತಿದ್ದರು.

ಗುರುವಾರ ಸಂಜೆ ನೈಟ್ರೋಜನ್ ಕ್ಯಾನು ಬಂತು. ಮುಚ್ಚಿದ ಗಾಡಿಯಲ್ಲಿ ತರಬಾರದು, ಉಸಿರಿಗೆ ಕಷ್ಟ ಎಂದು ಗ್ಯಾಸಿನವರು ತೆರೆದ ಟೆಂಪೋದಲ್ಲೇ ಕಳಿಸಿದ್ದರು. ಭೀಮಪ್ಪನವರಿಗೆ ಕ್ಯಾನು ನೋಡಿದ್ದೇ ಖುಷಿ. ಅವರ ಊರಿನಲ್ಲಿ ದನದ ಡಾಕ್ಟರು ಎಮ್ಮೆಗೆ ಗಬ್ಬದ ಸೂಜಿ ಹಾಕಲು ಬರುವಾಗ ಬೈಕಿನ ಹಿಂದೆ ಕಟ್ಟಿಕೊಂಡು ಬರುವುದು ಇಂಥದ್ದೇ ಕ್ಯಾನಂತೆ. ಸುರಿಯುವ ಕೆಲಸ ನನಗಿರಲಿ, ಎಮ್ಮೆ ಹಿಡಿದ ಕೈ ಇದು, ನಡುಗುವುದಿಲ್ಲ ಎಂದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಶುಕ್ರವಾರ ಆಯುಧಪೂಜೆ. ಪೀಣ್ಯದಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಮೆಷಿನ್ನುಗಳಿಗೆ ಎಣ್ಣೆ ಒರೆಸಿ, ಬಾಳೆಕಂದು ಕಟ್ಟಿ, ಸ್ಪ್ಯಾನರಿನಿಂದ ಹಿಡಿದು ಕಸಬರಿಗೆಯವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ. ನಂಜುಂಡಪ್ಪನವರ ಹೆಂಡತಿ, ಹೆಣ್ಣುಮಗಳ ಕೈಯಲ್ಲಿ ಆಗಲಿ ಎಂದು ತಟ್ಟೆಯನ್ನು ನನಗೇ ಕೊಟ್ಟರು. ಒಂದೊಂದು ಮೆಷಿನ್ನಿಗೂ ಬೊಟ್ಟಿಟ್ಟೆ. ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿದ್ದಾಯಿತು. ಪೂಜೆ ಆದಮೇಲೆ ಮಾರನೆಯ ದಿನದವರೆಗೆ ಶೆಡ್ಡಿನಲ್ಲಿ ಒಂದು ಸ್ವಿಚ್ಚನ್ನೂ ಮುಟ್ಟುವಂತಿಲ್ಲ, ಮೋಟರುಗಳಿಗೂ ಅಂದು ರಜೆ. ಎಲ್ಲರೂ ಹೊರಟರು. ನಾನು ಕಿಟಕಿಯ ಬೆಳಕಿನಲ್ಲೇ ಕೂತು ರಬ್ಬರ್ ಒತ್ತುವ ಕೆಲಸ ಮುಗಿಸಿ, ಫೋಮು ಮುಚ್ಚಿ, ಸಮಾಧಾನದಿಂದ ಮನೆಗೆ ಬಂದೆ.

ಭಾನುವಾರ ಬೆಳಿಗ್ಗೆ ನೋಡಲು ಹತ್ತು ಜನ ಬಂದಿದ್ದರು. ನಂಜುಂಡಪ್ಪ ದಂಪತಿ, ಶೆಡ್ಡಿನವರು, ಪಕ್ಕದ ಶೆಡ್ಡಿನವರು. ಎರಡೂ ಕಡೆಯ ಶಟರ್ ಎತ್ತಿಸಿದೆ. ಪಾತ್ರೆಯನ್ನು ಬಟ್ಟೆಯಿಂದ ಬಿಚ್ಚಿದರೆ ಅದರ ಹೊಟ್ಟೆಯ ಮೇಲೊಂದು ಕುಂಕುಮದ ಬೊಟ್ಟು. ಪಾತ್ರೆ ಸುತ್ತಿಟ್ಟಿದ್ದವರು ಭೀಮಪ್ಪ, ಅವರೇ ಇಟ್ಟದ್ದು. ನನಗೆ ಒಳಗೊಳಗೇ ಸಿಟ್ಟು ಬಂತು. ಆದರೆ ಹೊತ್ತಾಗಿತ್ತು, ಹಾಗೇ ಕೂರಿಸಿದೆ. ಭೀಮಪ್ಪ ಸ್ಟೀಲ್ ಫ್ಲಾಸ್ಕಿನಿಂದ ಮೊದಲ ಧಾರೆ ಬಿಟ್ಟರು. ಬಿಳಿ ಹೊಗೆ ಉಕ್ಕಿ ಮೇಜಿನಿಂದ ಇಳಿಯಿತು. ಮೈನಸ್ ಐವತ್ತಕ್ಕೆ ಬಂದಿದ್ದೇ ತಡ, ಪರದೆ ಕಪ್ಪಾಯಿತು. ಬೋರ್ಡಿನ ಪುಟ್ಟ ದೀಪದಲ್ಲಿ ಮೆಮೊರಿ ಸಿಗುತ್ತಿಲ್ಲ ಅನ್ನುವ ಸಂಕೇತ. ಕರೆಂಟು ತೆಗೆದು, ಸ್ಲಾಟಿನ ಅಂಚಿನ ರಬ್ಬರ್ ಕಿತ್ತೆ. ಅದು ಒಂದು ಕಡೆ ಅಂಟದೆ ಸಂದಿ ಬಿಟ್ಟಿತ್ತು. ಒಳಮೈಯಲ್ಲಿ ತೇವ, ತೇವದಲ್ಲಿ ಕೆಂಪು. ಕುಂಕುಮ.

ಅಂದು ನನ್ನ ಬಾಯಿಂದ ಬಂದದ್ದೆಲ್ಲ ನನಗೆ ನೆನಪಿದೆ, ಬರೆಯುವುದಕ್ಕೆ ನಾಚಿಕೆ. ಎರಡು ವಾರ ಕಣ್ಣಲ್ಲಿ ಕಣ್ಣಿಟ್ಟು ಮಾಡಿದ್ದನ್ನು ಒಂದು ಚಿಟಿಕೆ ಕುಂಕುಮದಲ್ಲಿ ಹಾಳುಮಾಡಿದಿರಿ ಎಂದೆ. ನಿಮಗೆ ಇದೂ ಒಂದೇ, ಸುತ್ತಿಗೆಯೂ ಒಂದೇ ಎಂದೆ. ಹತ್ತು ಜನರ ಮುಂದೆ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರನ್ನು. ಭೀಮಪ್ಪ ಫ್ಲಾಸ್ಕನ್ನು ನೆಲಕ್ಕಿಟ್ಟು, ಗ್ಲೌಸು ಕಳಚಿದರು.

"ತಾಮ್ರಕ್ಕ ಹಚ್ಚಿಲ್ರಿ. ಕೆಳಗೊಂದು ಟೇಪ್, ಮ್ಯಾಲೊಂದು ಟೇಪ್. ನಡುವ ಬೊಟ್ಟು. ಬಿಚ್ಚಿ ನೋಡ್ರಿ."

ಅಷ್ಟು ಹೇಳಿ, ಶಟರ್ ದಾಟಿ ಮಳೆಯಲ್ಲೇ ಹೋದರು.

ನಾನು ಆ ಬೊಟ್ಟನ್ನು ಉಗುರಿನಿಂದ ಕೆರೆದೆ. ಏನೂ ಬರಲಿಲ್ಲ. ಮೇಲಿನ ಪಾರದರ್ಶಕ ಟೇಪು ಅಂಚಂಚಿಗೆ ನೀಟಾಗಿ ಒತ್ತಿತ್ತು, ಒಂದು ಕಣವೂ ಹೊರಬೀಳುವ ಹಾಗಿರಲಿಲ್ಲ. ಎರಡನ್ನೂ ಕಿತ್ತು ನೋಡಿದರೆ ಕೆಳಗಿನ ತಾಮ್ರ ಹೊಳೆಯುತ್ತಿತ್ತು. ಹಾಗಾದರೆ ಕುಂಕುಮ ಎಲ್ಲಿಂದ ಬಂತು? ಕಿತ್ತ ರಬ್ಬರನ್ನು ಕ್ಯಾಬಿನ್ನಿನ ಭೂತಗನ್ನಡಿಯ ಕೆಳಗೆ ಹಿಡಿದೆ. ಕೆಂಪು ಬರೀ ಕಲೆಯಲ್ಲ, ಒತ್ತಿದ ಬೆರಳಿನ ಗುರುತು. ಗೆರೆಗೆರೆಯಾಗಿ, ಸ್ಪಷ್ಟವಾಗಿ. ನಡುವೆ ಅಡ್ಡಕ್ಕೆ ಒಂದು ಸುಟ್ಟ ಗೆರೆ.

ಆಗ ಎಲ್ಲ ನೆನಪಾಯಿತು. ಶುಕ್ರವಾರ ತಟ್ಟೆ ಹಿಡಿದು ಉಂಗುರ ಬೆರಳಿನಿಂದ ಬೊಟ್ಟಿಟ್ಟವಳು ನಾನು. ಆಮೇಲೆ ನಲ್ಲಿ ತಿರುಗಿಸಿದ್ದೆ, ನೀರಿರಲಿಲ್ಲ. ಮೋಟರುಗಳಿಗೆ ರಜೆ ಎಂದಮೇಲೆ ನೀರೆತ್ತುವ ಮೋಟರಿಗೂ ರಜೆಯೇ. ಪೂಜೆಯಾದ ಸ್ವಿಚ್ಚು ಮುಟ್ಟಲು ನನಗೂ ಮನಸ್ಸು ಬರಲಿಲ್ಲ. ದುಪಟ್ಟಾಕ್ಕೆ ಒರೆಸಿಕೊಂಡು ಕೂತಿದ್ದೆ. ಸೀಮೆಸುಣ್ಣದ ಗೆರೆ ಎಳೆದವಳೇ ಕೈ ತೊಳೆಯದೆ ಅದನ್ನು ದಾಟಿದ್ದೆ. ಅಳೆಯದೆ ಮಾತಾಡಿದ್ದೆ.

ಆಗ ಹನ್ನೊಂದೂವರೆ. ಬೋರ್ಡು ಸತ್ತಿರಲಿಲ್ಲ, ತೊಳೆದು ಒಣಗಿಸಿದರೆ ಬದುಕುತ್ತಿತ್ತು. ನೈಟ್ರೋಜನ್ ಮಾತ್ರ ಯಾರಿಗೂ ಕಾಯುವುದಿಲ್ಲ, ಬಳಸಿದರೂ ಬಿಟ್ಟರೂ ಆರುತ್ತಲೇ ಇರುತ್ತದೆ, ಭಾನುವಾರ ಹೊಸದು ಸಿಗುವುದೂ ಇಲ್ಲ. ಸ್ಪಿರಿಟ್ಟಿನಲ್ಲಿ ಸ್ಲಾಟು ತೊಳೆದು, ಹೇರ್ ಡ್ರೈಯರ್ ಹಚ್ಚಿಟ್ಟು, ರಬ್ಬರಿನ ತುಂಡನ್ನು ಹಿಡಿದು ಹೊರಗೋಡಿದೆ.

ಭೀಮಪ್ಪ ತಿರುವಿನ ಚಹಾದಂಗಡಿಯಲ್ಲಿ ಕೂತಿದ್ದರು. ಚಹಾ ಮುಟ್ಟಿರಲಿಲ್ಲ. ಸಾರಿ ಎಂದೆ. ಹೇಳಿದ ಕೂಡಲೇ ಅದು ನನಗೇ ತೀರಾ ಸಣ್ಣ ಮಾತು ಅನ್ನಿಸಿತು, ಬಸ್ಸಿನಲ್ಲಿ ಕಾಲು ತುಳಿದವರೂ ಅದನ್ನೇ ಅನ್ನುತ್ತಾರೆ. ರಬ್ಬರನ್ನು ಅವರ ಮುಂದಿಟ್ಟು, ಪಕ್ಕದಲ್ಲಿ ನನ್ನ ಬೆರಳಿಟ್ಟೆ. ಅವರು ಎರಡನ್ನೂ ಲೇತಿನಿಂದ ಇಳಿಸಿದ ಜಾಬ್ ನೋಡುವ ಹಾಗೆ ಬೆಳಕಿಗೆ ತಿರುಗಿಸಿ ನೋಡಿದರು.

"ತಪ್ಪಾಯ್ತು ಭೀಮಪ್ಪ. ನನ್ನದೇ ತಪ್ಪು."

ಅವರು ರಬ್ಬರನ್ನು ನನ್ನ ಕಡೆಗೆ ಸರಿಸಿದರು.

"ಬೈದದ್ದು ಶೆಡ್ನ್ಯಾಗ ಅಕ್ಕಾರ. ಇದನ್ನ ಚಾದಂಗಡ್ಯಾಗ ಹೇಳಿದ್ರ ಹ್ಯಾಂಗ್ರಿ?"

ಸಿಟ್ಟಿನಲ್ಲಿ ಅಂದದ್ದಲ್ಲ. ಅಳತೆ ಸರಿಯಿಲ್ಲ ಎಂದು ಹೇಳುವ ಹಾಗೆ ಹೇಳಿದರು. ನಾನು ಮುಂದೆ, ಅವರು ಹಿಂದೆ, ವಾಪಸು ನಡೆದೆವು. ವೈಟ್‌ಫೀಲ್ಡಿನ ಆ ಹತ್ತು ನಿಮಿಷಕ್ಕಿಂತ ಈ ನೂರು ಹೆಜ್ಜೆ ಕಷ್ಟವಾಯಿತು. ಜನ ಇನ್ನೂ ಇದ್ದರು, ತಪ್ಪು ಯಾರದೆಂಬ ಚರ್ಚೆ ನಡೆದಿತ್ತು. ನಾನು ರಬ್ಬರನ್ನು ಎತ್ತಿ ಹಿಡಿದೆ.

"ಇದ್ರಲ್ಲಿರೋದು ನನ್ನ ಬೆರಳು. ಕೈ ತೊಳೀದೆ ಕೂತಿದ್ದು ನಾನು. ಭೀಮಪ್ಪನವರ ಕೆಲಸದಲ್ಲಿ ಒಂದು ಕೂದಲೆಳೆ ತಪ್ಪೂ ಇರ್ಲಿಲ್ಲ. ಎಲ್ರ ಮುಂದೆ ಬೈದೆ, ಎಲ್ರ ಮುಂದೇನೇ ತಪ್ಪಾಯ್ತು ಅಂತೀನಿ."

ನಂಜುಂಡಪ್ಪನವರ ಹೆಂಡತಿ, ತಟ್ಟೆ ಕೊಟ್ಟಿದ್ದು ನಾನಲ್ವಾ, ನಂದೂ ಪಾಲಿದೆ ಬಿಡಮ್ಮ ಎಂದರು. ಒಬ್ಬಿಬ್ಬರು ನಕ್ಕರು. ಭೀಮಪ್ಪ ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೆ ಕೈ ತೊಳೆಯತೊಡಗಿದರು. ನಾನೂ ಪಕ್ಕದಲ್ಲಿ ನಿಂತು ತೊಳೆದೆ, ಎರಡೆರಡು ಸಲ.

ಒಣಗಿಸಿ, ಹೊಸ ರಬ್ಬರ್ ನಾದಿ ಒತ್ತಿ, ಫೋಮು ಮುಚ್ಚುವ ಹೊತ್ತಿಗೆ ನಾಲ್ಕು ಗಂಟೆ. ಪಾತ್ರೆ ಕೂರಿಸುವ ಮುಂಚೆ ನಾನು ಟೇಪು ಕೇಳಿದೆ. ಅಂಟಿಸಿ, ಕುಂಕುಮದ ಬಟ್ಟಲು ತರಿಸಿ, ಇಡಿ ಭೀಮಪ್ಪ ಎಂದೆ. ಅವರು ಬೊಟ್ಟಿಟ್ಟು, ಮೇಲೆ ಇನ್ನೊಂದು ಟೇಪು ಒತ್ತಿ, ಮತ್ತೆ ಹೋಗಿ ಕೈ ತೊಳೆದು ಬಂದರು. ಕ್ಯಾನಿನಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿತ್ತು.

ಮೈನಸ್ ಐವತ್ತು ದಾಟಿತು. ನೂರು ದಾಟಿತು. ಪರದೆ ಆರಲಿಲ್ಲ. ನಾನು ವೇಗ ಏರಿಸುತ್ತ ಹೋದೆ, ಅವರು ಸುರಿಯುತ್ತ ಹೋದರು. ಆರೂವರೆ ಗಿಗಾಹರ್ಟ್ಸ್, ಆರು ಮುಕ್ಕಾಲು. ಆರು ಪಾಯಿಂಟ್ ಒಂಬತ್ತರಲ್ಲಿ ಮೂರು ಸಲ ನಿಂತುಹೋಯಿತು. ಪಾತ್ರೆಯ ಉಷ್ಣತೆ ನಾಲ್ಕು ಡಿಗ್ರಿ ಏರಿಳಿದರೂ ಆ ಪ್ರೊಸೆಸರ್ ತಡೆಯುತ್ತಿರಲಿಲ್ಲ. ಉಷ್ಣತೆಯ ಮೀಟರ್ ನೋಡಿ ನಾನು ಹೇಳಿ, ಅವರು ಸುರಿಯುವಷ್ಟರಲ್ಲಿ ತಡವಾಗುತ್ತಿತ್ತು. ಭೀಮಪ್ಪ ಪಾತ್ರೆಗೆ ಕಿವಿಗೊಟ್ಟು ನಿಂತಿದ್ದರು. ಟೂಲು ಮೊಂಡಾದದ್ದನ್ನು ಲೇತಿನ ಸದ್ದಿನಲ್ಲೇ ಹಿಡಿಯುವವರು ಅವರು. ಒಳಗೆ ಕುದಿಯುವ ಸದ್ದು ತೆಳುವಾದಾಗಲೇ ಉಷ್ಣತೆ ಏರಲು ಹೊರಡುವುದು ಎಂದು ಅವರಿಗೆ ಆಗಲೇ ಗೊತ್ತಾಗಿತ್ತು.

"ನೀವು ಮೀಟರ್ ನೋಡಬ್ಯಾಡ್ರಿ. ಪರದಿ ನೋಡ್ರಿ. ಇದನ್ನ ನನಗ ಬಿಡ್ರಿ."

ಬಿಟ್ಟೆ. ನನ್ನ ಜೀವನದಲ್ಲಿ ಅಳತೆಯೊಂದನ್ನು ಬೇರೆಯವರ ಕಿವಿಗೆ ಬಿಟ್ಟದ್ದು ಅದೇ ಮೊದಲು. ಕೊನೆಯ ಫ್ಲಾಸ್ಕು ತುಂಬಿಕೊಂಡಾಗ ಐದೂ ಇಪ್ಪತ್ತು. ಅವರು ದಾರದಂಥ ಧಾರೆ ಬಿಡುತ್ತಿದ್ದರು, ಮೀಟರಿನ ಅಂಕಿ ಅಂಟಿಸಿದ ಹಾಗೆ ನಿಂತಿತ್ತು. ಒಂದೊಂದೇ ಹೆಜ್ಜೆ ಏರಿಸಿದೆ. ಪರದೆಯ ಮೇಲೆ ಏಳು ಮೂಡಿತು, ಅದರ ಪಕ್ಕದಲ್ಲಿ ಸೊನ್ನೆ, ಒಂದು. ಉಳಿಸುವ ಗುಂಡಿ ಒತ್ತಿದೆ. ಉಳಿಯಿತು. ನಾನು ಸ್ಟೂಲು ಎಳೆದುಕೊಂಡು ಕೂತೆ. ಭೀಮಪ್ಪ ಫ್ಲಾಸ್ಕಿನ ಕೊನೆಯ ಹನಿಯನ್ನೂ ಪಾತ್ರೆಗೆ ಬಗ್ಗಿಸಿ, ಆತೇನ್ರಿ ಎಂದು ಕೇಳಿದರು. ಆಯ್ತು ಎಂದೆ.

ಫೋಟೋ ತೆಗೆದು ಆರಕ್ಕೆ ಹತ್ತು ನಿಮಿಷವಿದ್ದಾಗ ಕಳಿಸಿದೆ. ಆ ಸಲ ವೈಟ್‌ಫೀಲ್ಡಿನ ವೇದಿಕೆಗೆ ಇಬ್ಬರೂ ಹತ್ತಿದೆವು. ಐದನೆಯವರಾದೆವು. ಹೊಗೆ ಬಂದದ್ದು ಪಾತ್ರೆಯಿಂದ ಮಾತ್ರ.

ಆ ಕೆಂಪು ಗುರುತಿನ ರಬ್ಬರು ಈಗ ಕಲ್ಲಾಗಿ ನನ್ನ ಮೇಜಿನ ಡ್ರಾಯರಿನಲ್ಲಿದೆ. ನನ್ನ ಕೈಕೆಳಗಿನವರ ಮೇಲೆ ಕೂಗಬೇಕು ಅನ್ನಿಸಿದಾಗ ಡ್ರಾಯರು ಎಳೆಯುತ್ತೇನೆ. ಆ ಫೋಟೋ ಇನ್ನೂ ಸ್ಪರ್ಧೆಯ ತಾಣದಲ್ಲಿದೆ. ಅದರ ಕೆಳಗೆ ದೂರದ ದೇಶದ ಯಾರೋ ಒಬ್ಬ, ಪಾತ್ರೆಯ ಮೇಲಿನ ಆ ಕೆಂಪು ಚುಕ್ಕೆ ಯಾವ ಸೆನ್ಸರು, ನಮಗೂ ಸಿಗುತ್ತದೆಯೇ ಎಂದು ಕೇಳಿದ್ದ. ಏನು ಉತ್ತರ ಕೊಡುವುದೆಂದು ಎರಡು ದಿನ ಯೋಚಿಸಿದೆ. ಆಮೇಲೆ ಬರೆದೆ: ಅದು ಸೆನ್ಸರ್ ಅಲ್ಲ, ಪಾತ್ರೆ ಮಾಡಿದವರ ಸಹಿ.